ಸೋಸಲೆಯಲ್ಲಿ ಸರಿದ ಕಲ್ಲು

ಸೋಸಲೆಯ ಗದ್ದೆಬಯಲಿನಲ್ಲಿ, ನಾಲೆಯ ಏರಿಗೆ ಒತ್ತಿಕೊಂಡು ಒಂದು ಗಡಿಕಲ್ಲು ನಿಂತಿದೆ. ಅದರ ಮೇಲೆ ಅಕ್ಷರವಿಲ್ಲ. ಮೊಳಕಾಲೆತ್ತರದ ಕಲ್ಲು, ಅದರಲ್ಲಿ ಕೊಡೆ ಮತ್ತು ಕಮಂಡಲು ಹಿಡಿದ ಗಿಡ್ಡ ಆಕೃತಿ. ವಾಮನಮುದ್ರೆಯ ಕಲ್ಲು ಎನ್ನುತ್ತೇವೆ. ಬಲಿಯಿಂದ ಮೂರು ಹೆಜ್ಜೆ ನೆಲ ಬೇಡಿದವನ ಗುರುತನ್ನೇ ದಾನ ಕೊಟ್ಟ ನೆಲದ ಎಲ್ಲೆಗೆ ನೆಡುತ್ತಿದ್ದರು. ದಾನಶಾಸನಗಳ ಕೊನೆಯಲ್ಲಿ ಇಂಥ ನೆಲವನ್ನು ಅಪಹರಿಸಿದವರು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾರೆಂಬ ಶಾಪ ಇರುವುದನ್ನು ಶಾಸನ ಓದುವವರೆಲ್ಲ ಬಲ್ಲರು.

ಆ ಕಲ್ಲನ್ನು ನಾನು ನಾಲೆಯ ಆಚೆ ದಡಕ್ಕೆ ಸಾಗಿಸಿಬಿಟ್ಟಿದ್ದೆ. 130 ಮೀಟರ್ ದೂರ. ನೆಲದ ಮೇಲಲ್ಲ, ನನ್ನ ನಕ್ಷೆಯಲ್ಲಿ. ಅದರ ಆಧಾರದ ಮೇಲೆ ಪ್ರಬಂಧದಲ್ಲಿ ಎರಡು ಪುಟ ಬರೆದೂ ಆಗಿತ್ತು: ದತ್ತಿಯ ನೆಲ ನಾಲೆಯ ಎರಡೂ ಬದಿಗೆ ಹರಡಿತ್ತು, ಆದ್ದರಿಂದ ನಾಲೆ ಆಮೇಲೆ ಬಂದದ್ದು, ಮೊದಲಿದ್ದ ಒಂದೇ ನೆಲವನ್ನು ಅದು ಸೀಳಿದೆ ಎಂದು. ವಾದ ಚೆನ್ನಾಗಿಯೇ ಕಾಣುತ್ತಿತ್ತು. ಕೆಟ್ಟ ಆಧಾರದ ಮೇಲೆ ನಿಂತ ವಾದಗಳು ಚೆನ್ನಾಗಿ ಕಾಣುವುದೇ ಹೆಚ್ಚು.

ನನ್ನ ಮಾರ್ಗದರ್ಶಕರು ಅಧ್ಯಾಯ ಓದಿ ಒಂದೇ ಪ್ರಶ್ನೆ ಕೇಳಿದರು. "ಕಲ್ಲು ನಾಲೆಯ ಪೂರ್ವಕ್ಕಿದೆ ಅಂತ ಬರೆದಿದ್ದೀರಿ. ಪೂರ್ವಕ್ಕೆ ಮುಖ ಮಾಡಿ ತೆಗೆದ ಫೋಟೋ ಅಂತಲೂ ಬರೆದಿದ್ದೀರಿ. ಫೋಟೋದಲ್ಲಿ ನಾಲೆ ಕಲ್ಲಿನ ಹಿಂದೆ ಕಾಣ್ತಾ ಇದೆಯಲ್ಲ?"

ನಾನು ಫೋಟೋ ನೋಡಿದೆ. ನಾಲೆ ಹಿಂದೆಯೇ ಇತ್ತು.

ನಡೆದದ್ದೇನೆಂದು ಹುಡುಕಲು ಹೊರಟಾಗ ಸಿಕ್ಕಿದ್ದು ನಕ್ಷೆಯ ಕಡತ ಕೊನೆಯ ಬಾರಿ ಬದಲಾದ ದಿನ ಮತ್ತು ವೇಳೆ. ಅದನ್ನು ಕಂಡ ಕೂಡಲೇ ಆ ಬೆಳಿಗ್ಗೆ ನೆನಪಾಯಿತು. ತಿ. ನರಸೀಪುರ ತಾಲ್ಲೂಕಿನ ಊರುಗಳಲ್ಲಿ ಶಾಸನ, ವೀರಗಲ್ಲು, ಗಡಿಕಲ್ಲುಗಳ ಸ್ಥಳ ಗುರುತಿಸುತ್ತ ತಿರುಗುತ್ತಿದ್ದ ದಿನಗಳು. ಸೋಸಲೆಯಲ್ಲಿ ಪರಿಚಯದವರ ಮನೆಯ ಜಗಲಿಯ ಮೇಲೆ ಕುಳಿತು, ಹೆಬ್ಬೆರಳ ಗಾತ್ರದ ಒಂದು ಜಿಪಿಎಸ್ ಗ್ರಾಹಕವನ್ನು ಲ್ಯಾಪ್‌ಟಾಪಿನ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದ್ದೆ. ಅರೆ ನಿಮಿಷದಲ್ಲಿ ಪರದೆಯ ಮೇಲಿನ ಬಾಣದ ಗುರುತು ತನ್ನಷ್ಟಕ್ಕೆ ಓಡತೊಡಗಿತು. ಮೂಲೆಗೆ ಹೋಯಿತು, ಜಿಗಿದು ಬಂತು, ಕಿಟಕಿಗಳನ್ನು ಮುಚ್ಚಿತು, ತೆರೆಯಿತು. ಸೊಪ್ಪು ಬಿಡಿಸುತ್ತ ಕೂತಿದ್ದ ಮನೆಯ ಅಜ್ಜಿ ಇಣುಕಿ ನೋಡಿ, "ಏನೋ ಇದು, ಒಳಗೆ ಇಲಿ ಸೇರ್ಕೊಂಡಿದ್ಯೇನೋ?" ಎಂದರು.

ಅಜ್ಜಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅದು ನನಗೆ ತಿಳಿದದ್ದು ತಿಂಗಳುಗಳಾದ ಮೇಲೆ. ಆಗ ಮಾಡಿದ್ದು ಎಲ್ಲರೂ ಮಾಡುವುದನ್ನೇ: ಗ್ರಾಹಕ ಕಿತ್ತೆ, ಲ್ಯಾಪ್‌ಟಾಪ್ ಮುಚ್ಚಿ ತೆರೆದೆ, ಮತ್ತೆ ಸಿಕ್ಕಿಸಿದೆ, ಸರಿಯಾಯಿತು ಅಂದುಕೊಂಡೆ. ನಕ್ಷೆಯ ತಂತ್ರಾಂಶ ಹಿಂದೆ ತೆರೆದೇ ಇತ್ತು, ತಿದ್ದುಪಡಿಗೆ ಅವಕಾಶವಿರುವ ಸ್ಥಿತಿಯಲ್ಲಿ. ಮುಚ್ಚುವಾಗ "ಬದಲಾವಣೆ ಉಳಿಸಲೇ?" ಎಂದು ಅದು ಕೇಳಿರಬೇಕು, ನಾನು ಹೌದು ಎಂದಿರಬೇಕು. ಆ ತಪ್ಪು ನನ್ನದೇ.

ಕಂಪ್ಯೂಟರಿನ ಸಾಧನಗಳ ಪಟ್ಟಿ ತೆರೆದು ನೋಡಿದಾಗ, ಮೌಸ್‌ಗಳ ಶೀರ್ಷಿಕೆಯ ಕೆಳಗೆ ನನ್ನ ಬಳಿ ಎಂದೂ ಇರದಿದ್ದ ಒಂದು ಹೆಸರಿತ್ತು: ಸೀರಿಯಲ್ ಬಾಲ್‌ಪಾಯಿಂಟ್. ಬಾಲ್‌ಪಾಯಿಂಟ್ ಎಂದರೆ ಲೇಖನಿ ಅಲ್ಲ. 1990ರ ದಶಕದ ಆರಂಭದಲ್ಲಿ ಲ್ಯಾಪ್‌ಟಾಪಿನ ಅಂಚಿಗೆ ಸಿಕ್ಕಿಸಿಕೊಳ್ಳುತ್ತಿದ್ದ, ಹೆಬ್ಬೆರಳಿನಿಂದ ಗುಂಡು ಉರುಳಿಸುವ ಒಂದು ಬಗೆಯ ಮೌಸ್. ನಾನು ಹುಟ್ಟುವ ಮೊದಲೇ ಅದರ ಕಾಲ ಮುಗಿಯುತ್ತ ಬಂದಿತ್ತು. ನನ್ನ ಯಂತ್ರ ಆಕಾಶದ ಉಪಗ್ರಹಗಳ ಮಾತು ಕೇಳುತ್ತಿದ್ದ ಸಾಧನವನ್ನು ಸತ್ತುಹೋದ ಒಂದು ಇಲಿಯೆಂದು ತಿಳಿದಿತ್ತು.

ಹಾಗೇಕೆ ತಿಳಿಯಿತು ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು, 1983ಕ್ಕೆ. ಕನ್ನಡಿಗರಿಗೆ ಆ ವರ್ಷವೆಂದರೆ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂದದ್ದು, ಕಪಿಲ್ ದೇವ್ ಕಪ್ ಎತ್ತಿದ್ದು. ನನ್ನ ಕಲ್ಲಿನ ಚರಿತ್ರೆಗೆ ಬೇಕಾದವು ಬೇರೆ ಮೂರು ಘಟನೆಗಳು. ಆ ವರ್ಷ ಮೈಕ್ರೋಸಾಫ್ಟ್ ತನ್ನ ಮೊದಲ ಮೌಸ್ ಮಾರಾಟಕ್ಕೆ ತಂದಿತು. ಅದೇ ವರ್ಷ ಅಮೆರಿಕದ ನೌಕಾ ವಿದ್ಯುನ್ಮಾನ ಸಂಘ ಹಡಗಿನ ಉಪಕರಣಗಳು ಪರಸ್ಪರ ಮಾತಾಡಲು ಎನ್‌ಎಂಇಎ 0183 ಎಂಬ ಭಾಷೆಯನ್ನು ರೂಪಿಸಿತು. ಸೆಪ್ಟೆಂಬರಿನಲ್ಲಿ ದಾರಿತಪ್ಪಿದ ಕೊರಿಯಾದ ಪ್ರಯಾಣಿಕ ವಿಮಾನವನ್ನು ಸೋವಿಯತ್ ಸೇನೆ ಹೊಡೆದುರುಳಿಸಿತು, 269 ಜನ ಸತ್ತರು. ಅದಾದ ಮೇಲೆ ಅಮೆರಿಕದ ಅಧ್ಯಕ್ಷ ರೇಗನ್ ಜಿಪಿಎಸ್ ವ್ಯವಸ್ಥೆ ಸಿದ್ಧವಾದಾಗ ಅದನ್ನು ನಾಗರಿಕ ವಿಮಾನಗಳಿಗೂ ಕೊಡುವುದಾಗಿ ಘೋಷಿಸಿದರು. ಮೌಸಿನ ಭಾಷೆ, ಹಡಗಿನ ಭಾಷೆ, ಸೇನೆಯ ಉಪಗ್ರಹ. ಒಂದಕ್ಕೊಂದು ಸಂಬಂಧವಿಲ್ಲದ ಈ ಮೂರು ಸೋಸಲೆಯ ಜಗಲಿಯ ಮೇಲೆ ಒಂದೇ ಕಿಂಡಿಯಲ್ಲಿ ಕೂಡಿಕೊಂಡಿದ್ದವು.

ಆ ಕಾಲದ ಮೌಸ್ ಸೀರಿಯಲ್ ಪೋರ್ಟಿಗೆ ಸೇರುತ್ತಿತ್ತು. ಸೀರಿಯಲ್ ಪೋರ್ಟಿನ ನಿಯಮಗಳು 1960ರಷ್ಟು ಹಳೆಯವು. ಆ ಕಿಂಡಿಯಲ್ಲಿ ಹೆಸರು ಹೇಳುವ ಏರ್ಪಾಟೇ ಇರಲಿಲ್ಲ. ಮೋಡೆಮ್ ಇರಲಿ, ಮುದ್ರಣಯಂತ್ರ ಇರಲಿ, ಮೌಸ್ ಇರಲಿ, ಆ ಕಡೆ ಯಾರಿದ್ದಾರೆಂದು ಕಂಪ್ಯೂಟರಿಗೆ ಗೊತ್ತಾಗುತ್ತಿರಲಿಲ್ಲ. ಮೌಸಿನವರು ಒಂದು ಉಪಾಯ ಕಂಡುಕೊಂಡರು. ಮೌಸ್ ತನಗೆ ಬೇಕಾದ ವಿದ್ಯುತ್ತನ್ನು ಪೋರ್ಟಿನ ಸಂಜ್ಞೆಯ ತಂತಿಗಳಿಂದಲೇ ಪಡೆಯುತ್ತಿತ್ತು. ಕಂಪ್ಯೂಟರ್ ಆ ತಂತಿಯನ್ನು ಒಮ್ಮೆ ಇಳಿಸಿ ಏರಿಸಿದರೆ ಮೌಸಿಗೆ ಎಚ್ಚರವಾಗಿ 'ಎಂ' ಎಂಬ ಒಂದೇ ಅಕ್ಷರ ಕಳಿಸುತ್ತಿತ್ತು. ಕತ್ತಲಲ್ಲಿ ಬಾಗಿಲು ತಟ್ಟಿ "ಯಾರು?" ಎಂದರೆ ಒಳಗಿನಿಂದ ಒಂದು ಕೆಮ್ಮು ಕೇಳಿಸಿದಂತೆ. ಕೆಮ್ಮಿದವರು ಮನೆಯವರೇ ಎಂದು ನಂಬಬೇಕು.

ಈ ಬಾಗಿಲು ತಟ್ಟುವ ಅಭ್ಯಾಸ ತಂದ ಫಜೀತಿಗಳು ಹಳೆಯವೇ. 1990ರ ದಶಕದ ವಿಂಡೋಸ್ ಎನ್‌ಟಿ ಏಳುವಾಗ ಪ್ರತಿಯೊಂದು ಸೀರಿಯಲ್ ಪೋರ್ಟಿನಲ್ಲೂ ಮೌಸ್ ಇದೆಯೇ ಎಂದು ತಟ್ಟಿ ನೋಡುತ್ತಿತ್ತು. ಆ ಪೋರ್ಟಿಗೆ ಯುಪಿಎಸ್ ಸೇರಿದ್ದರೆ, ಕೆಲವು ಯುಪಿಎಸ್‌ಗಳು ಆ ತಟ್ಟುವಿಕೆಯನ್ನು "ವಿದ್ಯುತ್ ನಿಲ್ಲಿಸು" ಎಂಬ ಆಜ್ಞೆಯೆಂದು ಅರ್ಥಮಾಡಿಕೊಳ್ಳುತ್ತಿದ್ದವು. ಇಲಿ ಹುಡುಕಲು ಹೋಗಿ ಮನೆಯ ದೀಪವನ್ನೇ ಆರಿಸಿದಂತೆ. ಕೊನೆಗೆ ಆರಂಭದ ಕಡತದಲ್ಲಿ "ನೋ ಸೀರಿಯಲ್ ಮೈಸ್" ಎಂಬೊಂದು ಪದ ಸೇರಿಸುವ ಪರಿಹಾರವನ್ನು ಕಂಪನಿಯೇ ದಾಖಲಿಸಿತು.

ಇನ್ನು ಜಿಪಿಎಸ್ ಗ್ರಾಹಕದ ಸ್ವಭಾವ ನೋಡಿ. ಯಾರಾದರೂ ಕೇಳಲಿ ಎಂದು ಅದು ಕಾಯುವುದಿಲ್ಲ. ಸೆಕೆಂಡಿಗೊಮ್ಮೆ ತಾನು ಎಲ್ಲಿದ್ದೇನೆಂದು ಒದರುತ್ತಲೇ ಇರುತ್ತದೆ. ಕಂಪ್ಯೂಟರ್ ಬಾಗಿಲು ತಟ್ಟಿ ಕಿವಿಗೊಟ್ಟ ಹೊತ್ತಿಗೆ ಸರಿಯಾಗಿ ಒಳಗಿನಿಂದ ಏನೋ ಸದ್ದು ಬಂದರೆ, ಅದು ಕೆಮ್ಮಿನ ಹಾಗೇ ಕೇಳಿಸಬಹುದು. ಪ್ರತಿಸಲ ಹೀಗಾಗದೆ ಕೆಲವು ಸಲ ಮಾತ್ರ ಆಗುವುದೂ ಇದಕ್ಕೇ. ಮತ್ತೆ ಸಿಕ್ಕಿಸಿದಾಗ ನನಗೆ ಸರಿಹೋಯಿತು ಅನ್ನಿಸಿದ್ದೂ ಇದಕ್ಕೇ.

ಒಂದು ಸಂಜೆ ಕುತೂಹಲಕ್ಕೆ ಕಾಗದ ಪೆನ್ನು ಹಿಡಿದು ಕುಳಿತೆ. ಎನ್‌ಎಂಇಎ ಸಾಲನ್ನು ಎರಡು ಗುಂಡಿಯ ಹಳೆಯ ಮೈಕ್ರೋಸಾಫ್ಟ್ ಮೌಸಿನ ವ್ಯಾಕರಣದಲ್ಲಿ ಓದಿದರೆ ಏನು ಅರ್ಥ ಹೊರಡುತ್ತದೆ? ತಮಿಳು ಗ್ರಂಥಾಕ್ಷರದ ಶಾಸನವನ್ನು ಕನ್ನಡವೆಂದು ಓದುವ ಹುಚ್ಚಿನಂಥದೇ ಇದು. ಆದರೂ ಬಹಳ ದಿನಗಳಲ್ಲಿ ನಾನು ಇಷ್ಟು ಖುಷಿಯಿಂದ ಏನನ್ನೂ ಓದಿರಲಿಲ್ಲ.

ಆ ಮೌಸಿನ ಭಾಷೆಯಲ್ಲಿ ಮೂರು ಅಕ್ಷರ ಸೇರಿ ಒಂದು ಮಾತು. ಮೊದಲ ಅಕ್ಷರದ ಸಂಕೇತದಲ್ಲಿ ಒಂದು ನಿರ್ದಿಷ್ಟ ಬಿಟ್ 1 ಆಗಿರಬೇಕು, ಉಳಿದೆರಡರಲ್ಲಿ ಅದು 0. ಇಂಗ್ಲಿಷಿನ ಅಕ್ಷರಮಾಲೆಯ ಎಲ್ಲ ಅಕ್ಷರಗಳಲ್ಲೂ ಆ ಬಿಟ್ 1, ಅಂಕಿಗಳಲ್ಲಿ ಮತ್ತು ಅಲ್ಪವಿರಾಮದಲ್ಲಿ 0. ಹಾಗಾಗಿ ಒಂದು ಅಕ್ಷರ, ಅಲ್ಪವಿರಾಮ, ಅಂಕಿ ಸಾಲಾಗಿ ಬಂದರೆ ಸಾಕು, ಮೌಸಿನ ಮಟ್ಟಿಗೆ ಅದು ಪೂರ್ಣ ವಾಕ್ಯ. ಸೋಸಲೆಯ ಅಕ್ಷಾಂಶ 12 ಡಿಗ್ರಿ ಚಿಲ್ಲರೆ, ಅದರ ಮುಂದೆ ಉತ್ತರವನ್ನು ಸೂಚಿಸುವ 'ಎನ್', ಅಲ್ಪವಿರಾಮ, ಆಮೇಲೆ ರೇಖಾಂಶ 076. ಮೌಸಿನ ಕಣ್ಣಿಗೆ ಬೀಳುವುದು 'ಎನ್', ಅಲ್ಪವಿರಾಮ, 0. ಲೆಕ್ಕ ಹಾಕಿದರೆ ಅದರ ಅರ್ಥ: 84 ಹೆಜ್ಜೆ ಎಡಕ್ಕೆ, 16 ಹೆಜ್ಜೆ ಮೇಲಕ್ಕೆ. ಪೂರ್ವವನ್ನು ಸೂಚಿಸುವ 'ಇ' ಬಂದು, ಅಲ್ಪವಿರಾಮದ ಮುಂದೆ 'ಸ್ಥಾನ ಸಿಕ್ಕಿದೆ' ಎನ್ನುವ 1 ಬಂದರೆ: ಬಲಕ್ಕೆ 108, ಕೆಳಕ್ಕೆ 113. ಗ್ರಾಹಕ ತಾನು ಎಲ್ಲಿದ್ದೇನೆಂದು ಹೇಳುತ್ತಿತ್ತು, ಯಂತ್ರ ಅದನ್ನು ಎಲ್ಲಿಗೆ ಹೋಗಬೇಕೆಂಬ ಆಜ್ಞೆಯಾಗಿ ಕೇಳುತ್ತಿತ್ತು.

ಇನ್ನೊಂದು ಸ್ವಾರಸ್ಯವಿದೆ. ಉಪಗ್ರಹಗಳು ಸಿಗದಿದ್ದಾಗ ಗ್ರಾಹಕ 'ವಿ' ಎಂಬ ಅಕ್ಷರ ಕಳಿಸಿ ಮುಂದೆ ಖಾಲಿ ಅಲ್ಪವಿರಾಮಗಳನ್ನು ಸಾಲಾಗಿ ಕಳಿಸುತ್ತದೆ. ಮೌಸಿನ ವ್ಯಾಕರಣದಲ್ಲಿ 'ವಿ' ಎಂದರೆ ಬಲಗುಂಡಿ ಒತ್ತಿದೆ ಎಂದರ್ಥ. ಆ ದಿನ ಬಿಸಿಲಿಗೆ ತಡೆಯಲಾರದೆ ಜಗಲಿಯಿಂದ ನಡುಮನೆಗೆ ಬಂದಾಗ ಪರದೆಯ ತುಂಬ ಮೆನುಗಳು ಅರಳತೊಡಗಿದ್ದು ನೆನಪಾಯಿತು. ಹಾಗೆಯೇ ಕೆಲವು ಗ್ರಾಹಕಗಳು ಎಚ್ಚರವಾದ ಕೂಡಲೇ ತಯಾರಕರ ಜಾಲತಾಣದ ವಿಳಾಸವನ್ನು ಸಣ್ಣಕ್ಷರಗಳಲ್ಲಿ ಕಳಿಸುತ್ತವೆ. ಸಣ್ಣಕ್ಷರ ಯಾವುದೇ ಇರಲಿ, ಅದರಲ್ಲಿ ಎಡಗುಂಡಿಯ ಬಿಟ್ 1. ಎಡಗುಂಡಿ ಒತ್ತಿ ಎಳೆದರೆ ತಿದ್ದುಪಡಿಯ ಸ್ಥಿತಿಯಲ್ಲಿರುವ ನಕ್ಷೆಯ ಬಿಂದು ಸರಿಯುತ್ತದೆ. ನನ್ನ ವಾಮನನನ್ನು ನಾಲೆ ದಾಟಿಸಿದ್ದು ಇಂಥದೇ ಒಂದು ಜಾಹೀರಾತಿನ ಸಾಲು ಇರಬೇಕೆಂದು ಅಂದುಕೊಂಡು ನಕ್ಕಿದ್ದೇನೆ.

ಪರಿಹಾರ ಸಣ್ಣದು. ಈ ಕಾಟಕ್ಕೆ ಸಿಕ್ಕಿದವರಿಗೆ ಉಪಯೋಗವಾದೀತೆಂದು ಹೇಳುತ್ತೇನೆ. ಗ್ರಾಹಕ ಕಿತ್ತರೆ ಪಟ್ಟಿಯಿಂದ ಸುಳ್ಳು ಮೌಸಿನ ಹೆಸರೂ ಮಾಯವಾಗುತ್ತದೆ, ಹಾಗಾಗಿ ಅದು ಸಿಕ್ಕಿಕೊಂಡಿರುವಾಗಲೇ, ಬಾಣ ಹುಚ್ಚು ಕುಣಿಯುತ್ತಿರುವಾಗಲೇ, ಕೀಲಿಮಣೆಯಿಂದ ಡಿವೈಸ್ ಮ್ಯಾನೇಜರ್ ತೆರೆದು ಆ ಬಾಲ್‌ಪಾಯಿಂಟನ್ನು 'ಡಿಸೇಬಲ್' ಮಾಡಬೇಕು. 'ಅನ್‌ಇನ್‌ಸ್ಟಾಲ್' ಮಾಡಬಾರದು. ತೆಗೆದುಹಾಕಿದ್ದು ಮುಂದಿನ ಸಲ ಹೊಸದಾಗಿ ಹುಟ್ಟಿ ಬರುತ್ತದೆ, ಕಟ್ಟಿಹಾಕಿದ್ದು ಕಟ್ಟಿದಲ್ಲೇ ಇರುತ್ತದೆ. ಪೋರ್ಟುಗಳ ಪಟ್ಟಿಯಲ್ಲಿರುವ ಗ್ರಾಹಕದ ನಿಜವಾದ ಹೆಸರನ್ನು ಮುಟ್ಟಬಾರದು.

ಆದರೆ ಯುಎಸ್‌ಬಿ ಬಂದದ್ದೇ ಈ ಕೆಮ್ಮಿನ ಗೊಂದಲ ತಪ್ಪಿಸಲು ಅಲ್ಲವೇ? ಹೌದು. ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿ ಇಂಟೆಲ್ ಸೇರಿದ ಅಜಯ್ ಭಟ್ ಮತ್ತು ಅವರ ಜೊತೆಗಾರರು ರೂಪಿಸಿದ, 1996ರ ಜನವರಿಯಲ್ಲಿ ಮೊದಲ ಆವೃತ್ತಿ ಕಂಡ ಈ ವ್ಯವಸ್ಥೆಯಲ್ಲಿ ಪ್ರತಿ ಸಾಧನವೂ ಸಿಕ್ಕಿಸಿದ ಕೂಡಲೇ ಎರಡು ಸಂಖ್ಯೆ ಹೇಳಬೇಕು: ತಯಾರಕರ ಸಂಖ್ಯೆ, ಉತ್ಪನ್ನದ ಸಂಖ್ಯೆ. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ಊರಿಗೆ ಉಪಪದ ಹಚ್ಚಿದಂತೆ. ಬರೀ ನರಸೀಪುರ ಎಂದರೆ ಯಾವ ನರಸೀಪುರ? ತಿರುಮಕೂಡಲು ನರಸೀಪುರವೋ ಹೊಳೆನರಸೀಪುರವೋ? ಕಾವೇರಿ ಕಪಿಲೆ ಕೂಡುವಲ್ಲಿನ ಊರಿಗೆ 'ತಿ.' ಎಂಬ ಒಂದಕ್ಷರ ಹಚ್ಚಿದ ಮೇಲೆ ಕಾಗದಪತ್ರಗಳು ಹಾಸನ ಜಿಲ್ಲೆಗೆ ಹೋಗುವುದು ತಪ್ಪಿತು. ಬಿ. ಎಲ್. ರೈಸ್ 1894ರ ಎಪಿಗ್ರಾಫಿಯಾ ಕರ್ನಾಟಿಕಾದ ಮೂರನೆಯ ಸಂಪುಟದಲ್ಲಿ ಈ ಸೀಮೆಯ ಶಾಸನಗಳಿಗೆ ತಾಲ್ಲೂಕಿನ ಹೆಸರಿನ ಅಕ್ಷರ ಹಚ್ಚಿ ಸಂಖ್ಯೆ ಕೊಟ್ಟದ್ದೂ ಇದೇ ಉಪಾಯ. ನಾವು ಇಂದಿಗೂ ಆ ಸಂಖ್ಯೆ ಹಿಡಿದೇ ಶಾಸನಗಳ ಬಗ್ಗೆ ಜಗಳವಾಡುತ್ತೇವೆ. ಅಕ್ಷರವಿಲ್ಲದ ಕಲ್ಲುಗಳಿಗೆ ಆ ಭಾಗ್ಯವಿಲ್ಲ. ವಾಮನಮುದ್ರೆಯ ಕಲ್ಲಿಗೆ ಅದು ನಿಂತ ಜಾಗವೇ ಹೆಸರು, ಜಾಗ ತಪ್ಪಿದರೆ ಅದು ಏನೂ ಹೇಳುವುದಿಲ್ಲ.

ಯುಎಸ್‌ಬಿಯ ಉಪಪದ ಎರಡು ಕಡೆ ಸೋಲುತ್ತದೆ. ಒಂದು, ನನ್ನ ಗ್ರಾಹಕದ ಹಾಗೆ ಹೊಸ ಕಿಂಡಿಯಲ್ಲಿ ಕುಳಿತು ಹಳೆಯ ಸೀರಿಯಲ್ ಪೋರ್ಟಿನ ವೇಷ ಹಾಕುವ ಸಾಧನಗಳಲ್ಲಿ. ಯುಎಸ್‌ಬಿ ಹೆಸರು ಹೇಳಿಸಿದರೂ ಅದರ ಮೇಲೆ ಹುಟ್ಟಿದ ಹೊಸ ಪೋರ್ಟನ್ನು ಕಂಡ ವ್ಯವಸ್ಥೆ ಅಜ್ಜನ ಕಾಲದ ಅಭ್ಯಾಸದಂತೆ ಮತ್ತೆ ಬಾಗಿಲು ತಟ್ಟುತ್ತದೆ. ಇನ್ನೊಂದು, ಒಂದೇ ಹೆಸರನ್ನು ಹಲವರು ಇಟ್ಟುಕೊಂಡಾಗ. ಎರಡನೆಯದರಲ್ಲೂ ನಾನು ಒಂದು ಪೆಟ್ಟು ತಿಂದಿದ್ದೇನೆ, ಸರಿಯಾಗಿ ಹೇಳಬೇಕೆಂದರೆ ಇನ್ನೊಬ್ಬರಿಗೆ ತಿನ್ನಿಸಿದ್ದೇನೆ.

ಸ್ವಂತ ತಯಾರಕರ ಸಂಖ್ಯೆ ಪಡೆಯಲು ಯುಎಸ್‌ಬಿ ಸಂಸ್ಥೆಗೆ ಸಾವಿರಾರು ಡಾಲರ್ ಕಟ್ಟಬೇಕು. ಸಣ್ಣ ತಯಾರಕರು ಆ ಗೋಜಿಗೆ ಹೋಗದೆ ಒಳಗಿನ ಚಿಪ್ಪಿನ ಸಂಖ್ಯೆಯನ್ನೇ ಹಾಗೆ ಬಿಡುತ್ತಾರೆ. ಸಿಎಚ್340 ಎಂಬ ಚೀನಾದ ಅಗ್ಗದ ಚಿಪ್ ಇದೆ. ಅದರ ಸಂಖ್ಯೆ 1ಎ86:7523. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ವಿದ್ಯಾರ್ಥಿಗಳು ಕೊಳ್ಳುವ ಅಗ್ಗದ ಆರ್ಡುಯಿನೋ ನಕಲುಗಳಲ್ಲಿ ಬಹುಪಾಲು ಇದೇ ಇರುತ್ತದೆ. ಅಂಧರು ಬೆರಳಲ್ಲಿ ಓದುವ ಒಂದು ಬ್ರೈಲ್ ಫಲಕದಲ್ಲೂ ಇದೇ ಚಿಪ್, ಇದೇ ಸಂಖ್ಯೆ ಇದೆ. ಲಿನಕ್ಸ್‌ನಲ್ಲಿ ಪರದೆಯ ಅಕ್ಷರಗಳನ್ನು ಬ್ರೈಲ್ ಚುಕ್ಕಿಗಳಾಗಿಸುವ ತಂತ್ರಾಂಶ ಬಿಆರ್‌ಎಲ್‌ಟಿಟಿವೈ. 1990ರ ದಶಕದಿಂದ ಬೆಳೆದುಬಂದದ್ದು. ಅದರ ಪಟ್ಟಿಯಲ್ಲಿ ಆ ಸಂಖ್ಯೆ ಸೇರಿತು. 2022ರ ಏಪ್ರಿಲಿನಲ್ಲಿ ಬಂದ ಉಬುಂಟು 22.04ರಲ್ಲಿ ಆರ್ಡುಯಿನೋ ನಕಲು ಸಿಕ್ಕಿಸಿದವರ ಪೋರ್ಟ್ ಹುಟ್ಟಿದ ಕ್ಷಣದಲ್ಲೇ ಮಾಯವಾಗತೊಡಗಿತು. ಬ್ರೈಲ್ ತಂತ್ರಾಂಶ ಅದನ್ನು ತನ್ನ ಫಲಕವೆಂದು ಎತ್ತಿಕೊಳ್ಳುತ್ತಿತ್ತು.

ಎಲ್ಲೆಡೆ ಹರಡಿದ ಪರಿಹಾರ ಒಂದೇ ಸಾಲಿನದು: ಬಿಆರ್‌ಎಲ್‌ಟಿಟಿವೈ ತೆಗೆದುಹಾಕಿ. ಕಲ್ಲುಗಳ ಬಳಿಯ ತೇವಾಂಶ ಅಳೆಯಲು ಗೆಳೆಯನೊಬ್ಬ ಮಾಡಿಕೊಟ್ಟ ಸಣ್ಣ ಫಲಕವನ್ನು ನಾನು ಹಂಚಿಕೊಂಡು ಬಳಸುವ ಕಂಪ್ಯೂಟರಿಗೆ ಸೇರಿಸುವಾಗ ಇದೇ ತೊಂದರೆ ಬಂತು. ನಾನೂ ಆ ಒಂದು ಸಾಲು ಕುಟ್ಟಿದೆ. ಎರಡೇ ನಿಮಿಷದ ಕೆಲಸ, ಬಲು ಹೆಮ್ಮೆಯಾಯಿತು.

ಕೆಲವು ವಾರಗಳ ಮೇಲೆ ಕಣ್ಣು ಕಾಣದ ಒಬ್ಬ ಕಿರಿಯ ವಿದ್ಯಾರ್ಥಿ ತನ್ನ ಬ್ರೈಲ್ ಫಲಕವನ್ನು ಅದೇ ಯಂತ್ರಕ್ಕೆ ಸಿಕ್ಕಿಸಿ ಕಾಯುತ್ತ ಕೂತಿದ್ದ. ಚುಕ್ಕಿಗಳು ಏಳಲಿಲ್ಲ. ಅವನು ಫಲಕವೇ ಕೆಟ್ಟಿದೆಯೆಂದು ತಿಳಿದು, ತಂತಿ ಬದಲಾಯಿಸಿ, ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ನನ್ನನ್ನು ಕೇಳಿದ. "ಅಣ್ಣ, ಮೊದ್ಲು ಬರ್ತಿತ್ತು. ಈಗ ಯಾಕೋ ಬರ್ತಿಲ್ಲ. ಒಂಚೂರು ನೋಡ್ತೀರಾ?" ಆ ಎರಡು ದಿನ ಅವನು ಓದಬೇಕಿದ್ದದ್ದು ಆಂತರಿಕ ಪರೀಕ್ಷೆಯ ಟಿಪ್ಪಣಿ. ನಾನೇ ತೆಗೆದದ್ದು ಎಂದು ಹೇಳಲು ನನಗೆ ನಿಜಕ್ಕೂ ಕಷ್ಟವಾಯಿತು, ಹೇಳಿದೆ. "ಹೋಗ್ಲಿ ಬಿಡಿ ಅಣ್ಣ, ನನ್ ಬೋರ್ಡ್ ಸರಿಯಾಗಿದೆಯಲ್ಲ" ಎಂದ. ಅವನ ಸಮಾಧಾನ ನನಗೆ ಸಮಾಧಾನ ತರಲಿಲ್ಲ.

ಮೊದಲೇ ಮಾಡಬೇಕಿದ್ದದ್ದು ಇನ್ನೂ ಸಣ್ಣ ಕೆಲಸವಾಗಿತ್ತು. ತಂತ್ರಾಂಶವನ್ನು ಮರಳಿ ಹಾಕಿದೆ. ಅದರ ನಿಯಮಗಳ ಕಡತದಲ್ಲಿ 1ಎ86:7523 ಇರುವ ಆ ಒಂದು ಸಾಲಿನ ಮುಂದೆ ಮಾತ್ರ ಹ್ಯಾಷ್ ಗುರುತು ಇಟ್ಟು ಅದನ್ನು ಸುಮ್ಮನಾಗಿಸಿದೆ. ಅವನ ಫಲಕದ ಸಂಖ್ಯೆ ಬೇರೆ, ಅದು ಎದ್ದು ಕುಳಿತಿತು. ನನ್ನ ತೇವಾಂಶದ ಸಾಧನವೂ ಕಾಣಿಸಿತು. ಆ ಚಿಪ್ ಇರುವ ಬ್ರೈಲ್ ಫಲಕದವರು ಯಾರಾದರೂ ಆ ಯಂತ್ರಕ್ಕೆ ಬಂದರೆ ತಿಳಿಯಲೆಂದು, ಆ ಸಾಲಿನ ಪಕ್ಕದಲ್ಲಿ ಯಾಕೆ ಸುಮ್ಮನಾಗಿಸಿದ್ದೇನೆ, ಯಾವಾಗ, ಹೇಗೆ ತೆರೆಯಬೇಕು ಎಂದು ಬರೆದಿಟ್ಟೆ. ಯಂತ್ರಕ್ಕೂ ಒಂದು ಶಾಸನ ಬೇಕಲ್ಲ. ಶಾಪ ಬರೆಯಲಿಲ್ಲ.

ಪ್ರಬಂಧದ ಎರಡು ಪುಟ ಹರಿದು ಹಾಕಿ ಮತ್ತೆ ಸೋಸಲೆಗೆ ಹೋದೆ. ಈ ಸಲ ಗ್ರಾಹಕದ ಜೊತೆಗೆ 30 ಮೀಟರಿನ ಅಳತೆ ಟೇಪನ್ನೂ ಹಿಡಿದಿದ್ದೆ. ಗದ್ದೆಗೆ ನೀರು ಕಟ್ಟಿದ್ದರು, ಏರಿಯ ಮೇಲೆ ನಡೆದು ಹೋಗಬೇಕಾಯಿತು. ಮಡೆ ತಿರುಗಿಸುತ್ತಿದ್ದ ಗದ್ದೆಯವರಿಗೆ ನನ್ನ ಗುರುತು ಸಿಕ್ಕಿತು. ಮತ್ತೆ ಯಾಕೆ ಬಂದಿರಿ ಎಂದು ಕೇಳಿದರು. ಕಲ್ಲಿನ ಜಾಗವನ್ನು ತಪ್ಪಾಗಿ ಬರೆದುಕೊಂಡಿದ್ದೆ ಎಂದೆ. ನಕ್ಷೆಯನ್ನು ಮೊಬೈಲಿನಲ್ಲಿ ತೋರಿಸಿ, ನಾಲೆಯ ಆಚೆ ಇದ್ದ ಚುಕ್ಕಿಯ ಮೇಲೆ ಬೆರಳಿಟ್ಟೆ.

"ಅದು ನಮ್ ಗದ್ದೆನೇ ಅಲ್ಲ ಕನಾ ಸಾ," ಎಂದರು. "ಅಲ್ಲಿಗೆ ನಮ್ ಕಲ್ಲು ಹಾಕ್ಬುಟ್ರೆ ಆ ಕಡೆಯವ್ರು ಸುಮ್ಕಿದ್ದಾರ? ಮೊದ್ಲು ಅದನ್ನ ಅಳಿಸ್ಬುಡಿ."

ಅವರ ಮುಂದೆಯೇ ಅಳಿಸಿದೆ. ಆಮೇಲೆ ಟೇಪಿನ ಒಂದು ತುದಿಯನ್ನು ಅವರು ಕಲ್ಲಿನ ತಲೆಗೆ ಒತ್ತಿ ಹಿಡಿದರು, ನಾನು ಇನ್ನೊಂದು ತುದಿ ಹಿಡಿದು ನಾಲೆಯ ಏರಿ ಹತ್ತಿದೆ.